ಕ್ಯಾರಿಯರ್ ಇಲ್ಲದ ಸೈಕಲ್ ಯಾರಿಗಾಗಿ?

ಮಲೆನಾಡಿನ ಯಾವುದೇ ಪೇಟೆಯ ಸೈಕಲ್ ಅಂಗಡಿಯ ಮುಂದೆ ಒಮ್ಮೆ ನಿಂತು ನೋಡಿ. ತೀರ್ಥಹಳ್ಳಿಯಾಗಲಿ, ಸಾಗರವಾಗಲಿ, ಶಿರಸಿಯಾಗಲಿ, ಕೊಪ್ಪವಾಗಲಿ, ಕಾಣುವ ದೃಶ್ಯ ಒಂದೇ. ಸಾಲಾಗಿ ನಿಂತ ಹೊಸ ಸೈಕಲ್ಲುಗಳಿಗೆ ಕಣ್ಣು ಕೋರೈಸುವ ಬಣ್ಣವಿದೆ. ಪವರ್ ಟಿಲ್ಲರಿನ ಗಾಲಿಯನ್ನು ನೆನಪಿಸುವ ದಪ್ಪ ಟೈರುಗಳಿವೆ, ಹಿಂದೆ ಮುಂದೆ ಡಿಸ್ಕ್ ಬ್ರೇಕುಗಳಿವೆ, ಇಪ್ಪತ್ತೊಂದು ಗೇರುಗಳಿವೆ. ಇಲ್ಲದಿರುವುದು ಎರಡೇ: ಮಡ್‌ಗಾರ್ಡ್ ಮತ್ತು ಕ್ಯಾರಿಯರ್. ಕೇಳಿದರೆ ಸಿಗುವ ಉತ್ತರವೂ ಎಲ್ಲೆಡೆ ಒಂದೇ: "ಈ ಮಾಡೆಲ್ಲಿಗೆ ಕ್ಯಾರಿಯರ್ ಬರುವುದಿಲ್ಲ."

ಈ 'ಬರುವುದಿಲ್ಲ' ಎಂಬ ಶಬ್ದವನ್ನು ನಾವು ತುಸು ಪರಿಶೀಲಿಸಬೇಕು. ಕೊನೆಯ ಬಸ್ಸು ಬರುವುದಿಲ್ಲ, ಈ ವರ್ಷ ಮಾವಿಗೆ ಹೂ ಬರುವುದಿಲ್ಲ ಎಂದಂತೆ ಅದು ಕೇಳಿಸುತ್ತದೆ. ಯಾರ ಹೊಣೆಯೂ ಇಲ್ಲದ, ಯಾರನ್ನೂ ಪ್ರಶ್ನಿಸಲಾಗದ ನಿಸರ್ಗನಿಯಮವೆಂಬಂತೆ. ವಾಸ್ತವದಲ್ಲಿ ಅದು ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ಕುಳಿತವರು ಕೈಗೊಂಡ ತೀರ್ಮಾನ. ಫ್ರೇಮಿನ ಹಿಂಭಾಗದಲ್ಲಿ ಎರಡು ಜೊತೆ ತೂತು ಕೊರೆದು ಬೋಲ್ಟು ಕೂರುವಂತೆ ಥ್ರೆಡ್ ಹಾಕುವುದಕ್ಕೆ ತಗಲುವ ವೆಚ್ಚ ನಗಣ್ಯವಾದದ್ದು. ಅಷ್ಟನ್ನೂ ಮಾಡದೆ ಬಿಟ್ಟಿರುವುದು ಉಳಿತಾಯಕ್ಕಾಗಿ ಅಲ್ಲ. ಕ್ಯಾರಿಯರ್ ಇರುವ ಸೈಕಲ್ ಹಾಲಿನವನ ಸೈಕಲ್, ಅಂಚೆಯಣ್ಣನ ಸೈಕಲ್, ಕೂಲಿಗೆ ಹೋಗುವವನ ಸೈಕಲ್ ಎಂಬ ಭಾವನೆಯನ್ನು ಜಾಹೀರಾತುಗಳು ಎರಡು ದಶಕಗಳಿಂದ ಎಳೆಯರ ತಲೆಯಲ್ಲಿ ಬಿತ್ತುತ್ತ ಬಂದಿವೆ. ದುಡಿಮೆಯ ಗುರುತನ್ನು ಕಳಚಿ, ಅದನ್ನೇ ಹೊಸತನವೆಂದು ಮಾರಲಾಗುತ್ತಿದೆ.

ನನ್ನ ವಾದ ಇಷ್ಟೇ. ನಿತ್ಯದ ಓಡಾಟಕ್ಕೆ, ಎಂದರೆ ಶಾಲೆಗೆ, ಕಾಲೇಜಿಗೆ, ಡೇರಿಗೆ, ಸೊಸೈಟಿಗೆ, ಪೇಟೆಗೆ ಹೋಗಿಬರಲು ಸೈಕಲ್ ಕೊಳ್ಳುವವರು ಮೊದಲು ಕ್ಯಾರಿಯರನ್ನು ಆರಿಸಿಕೊಳ್ಳಬೇಕು. ಆಮೇಲೆ ಅದನ್ನು ಹೊರಬಲ್ಲ ಸೈಕಲ್ಲನ್ನು. ಗೇರು, ಬಣ್ಣ, ಟೈರುಗಳ ಸರದಿ ಅದರ ನಂತರ. ಇದು ತಲೆಕೆಳಗಾದ ಮಾತೆಂದು ಅನೇಕರಿಗೆ ತೋರುವುದು ಸಹಜ. ಆದರೆ ಸೈಕಲ್ ಆಟಿಕೆಯೋ ವಾಹನವೋ ಎಂಬುದನ್ನು ನಿರ್ಧರಿಸುವುದು ಅದರ ಹಿಂದಿನ ಗಾಲಿಯ ಮೇಲಿರುವ ಆ ಒಂದು ಮೊಳ ಕಬ್ಬಿಣ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಇಲ್ಲೊಂದು ಹಳೆಯ ಕಥೆ ನೆನಪಾಗುತ್ತದೆ. 1966ರಲ್ಲಿ ಫಿಲಿಪೈನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಐಆರ್-8 ಎಂಬ ಗಿಡ್ಡ ತಳಿಯನ್ನು ಬಿಡುಗಡೆ ಮಾಡಿತು. ಗೊಬ್ಬರ ಕೊಟ್ಟರೂ ಮಲಗದ, ಕಾಳಿನ ತೂಕದಲ್ಲಿ ಹಳೆಯ ತಳಿಗಳನ್ನೆಲ್ಲ ಹಿಂದೆ ಹಾಕಿದ ತಳಿ ಅದು. ತಳಿ ತಜ್ಞರು ಅಳೆದದ್ದು ಕಾಳನ್ನು. ಹುಲ್ಲು ಯಾರ ಲೆಕ್ಕದಲ್ಲೂ ಇರಲಿಲ್ಲ. ಕೊಟ್ಟಿಗೆಯಲ್ಲಿ ದನ ಕಟ್ಟಿಕೊಂಡು, ಮಳೆಗಾಲದ ಮೇವಿಗೆ ಹುಲ್ಲಿನ ಕುತ್ರಿಯನ್ನೇ ನಂಬಿ ಬದುಕುವ ಮಲೆನಾಡಿನ ರೈತನಿಗೆ ಹುಲ್ಲೂ ಬೆಳೆಯೇ ಎಂಬುದನ್ನು ಪ್ರಯೋಗಶಾಲೆ ಕೇಳಲಿಲ್ಲ. ಇಂದಿನ ಸೈಕಲ್ಲಿನ ವಿಷಯದಲ್ಲೂ ಆಗಿರುವುದು ಇದೇ. ವೇಗವನ್ನು ಅಳೆದರು, ತೂಕವನ್ನು ಅಳೆದರು, ಗೇರುಗಳನ್ನು ಎಣಿಸಿದರು. ಹೊರೆಯನ್ನು ಅಳೆಯಲಿಲ್ಲ.

ಪರಿಣಾಮವೇನು? ಒಂಬತ್ತನೆಯ ತರಗತಿಯ ಹುಡುಗನಿಗೆ ಹಟ ಹಿಡಿದು ಕೊಡಿಸಿದ ಸೈಕಲ್ ಮೊದಲ ಮಳೆಗಾಲದವರೆಗೆ ಓಡುತ್ತದೆ. ಪಾಟೀಚೀಲ ಬೆನ್ನಿನ ಮೇಲೆ. ರಾಜ್ಯ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದಂತೆ 9 ಮತ್ತು 10ನೆಯ ತರಗತಿಯ ಮಕ್ಕಳ ಚೀಲ 4ರಿಂದ 5 ಕೆ.ಜಿ. ಮೀರಬಾರದು, ಆದೇಶ ಪಾಲನೆಯಾಯಿತೆಂದೇ ಇಟ್ಟುಕೊಂಡರೂ ಅಷ್ಟು ತೂಕವನ್ನು ಬೆನ್ನಿಗೆ ಬಿಗಿದು ಏರು ಹತ್ತುವುದೆಂದರೆ ಬೆವರಿನಲ್ಲಿ ನೆನೆಯುವುದೆಂದೇ ಅರ್ಥ. ಎದ್ದು ನಿಂತು ತುಳಿಯುವಾಗ ಚೀಲ ಆಚೀಚೆ ಓಲಾಡಿ ತೋಲ ತಪ್ಪಿಸುತ್ತದೆ. ಮಳೆಗಾಲದಲ್ಲಿ ಹಿಂದಿನ ಗಾಲಿ ಎರಚುವ ಕೆಸರು ಚೀಲದ ಮೇಲೆಯೇ ಬೀಳುತ್ತದೆ. ಅಮ್ಮ ಪೇಟೆಯಿಂದ ಎರಡು ಕೆ.ಜಿ. ಬೆಲ್ಲ ತಾರೆಂದರೆ ಹ್ಯಾಂಡಲ್ಲಿಗೆ ತೂಗುಹಾಕಬೇಕು. ಅದು ಮುಂದಿನ ಗಾಲಿಗೆ ಉಜ್ಜುತ್ತದೆ. ಹೀಗೆ ಸೈಕಲ್ ಯಾವ ಕೆಲಸಕ್ಕೂ ಬಾರದೆಂಬುದು ಮನೆಯಲ್ಲಿ ಎಲ್ಲರಿಗೂ ಮನವರಿಕೆಯಾಗಿ, ಕೊಟ್ಟಿಗೆಯ ಗೋಡೆಗೆ ಒರಗಿ, ಅದರ ಮೇಲೆ ಕೋಳಿ ಕೂರತೊಡಗುತ್ತದೆ. ಹುಡುಗ ಅಪ್ಪನ ಬೈಕಿನ ಕೀಲಿಕೈ ಹುಡುಕತೊಡಗುತ್ತಾನೆ. ಅಪ್ರಾಪ್ತರು ಬೈಕ್ ಓಡಿಸಿದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಜೈಲು ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಆದರೂ ಆ ಕೀಲಿಕೈ ಮೊಳೆಯ ಮೇಲೆ ನೇತಾಡುತ್ತಲೇ ಇರುತ್ತದೆ.

'ಮಲೆನಾಡಿನ ಏರಿಳಿತದಲ್ಲಿ ಸೈಕಲ್ ತುಳಿಯಲಾಗದು, ಅದಕ್ಕೇ ಬಿಟ್ಟರು' ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಏರು ಇಂದು ಹುಟ್ಟಿದ್ದಲ್ಲ. ಇದೇ ಏರುಗಳಲ್ಲಿ ಗೇರಿಲ್ಲದ ಕಪ್ಪು ಸೈಕಲ್ಲುಗಳನ್ನು ಅರ್ಧ ತುಳಿದು ಅರ್ಧ ತಳ್ಳಿ, ಹಿಂಡಿಚೀಲವನ್ನೂ ಹಾಲಿನ ಕ್ಯಾನನ್ನೂ ಸಾಗಿಸಿದ ತಲೆಮಾರೊಂದು ಇನ್ನೂ ನಮ್ಮ ನಡುವೆ ಇದೆ. ತಳ್ಳಿಕೊಂಡು ಹೋಗುವಾಗಲೂ ಸೈಕಲ್ ಉಪಯುಕ್ತವಾಗಿತ್ತು ಎಂಬುದನ್ನು ಗಮನಿಸಬೇಕು. ಹೆಗಲ ಮೇಲೆ ಹೊರಲಾಗದ್ದನ್ನು ಅದು ಹೊರುತ್ತಿತ್ತು.

ಚಾಚಿದ ಕೈಯಲ್ಲಿ ಕೊಡಪಾನ

ಈಗ ಆಯ್ಕೆಯ ವಿಚಾರಕ್ಕೆ ಬರೋಣ. 'ಬರುವುದಿಲ್ಲ' ಎಂದ ಅಂಗಡಿಯವನೇ, ನೀವು ಹಿಂತಿರುಗುವಷ್ಟರಲ್ಲಿ ಒಳಗಿನಿಂದ ಒಂದು ವಸ್ತುವನ್ನು ತಂದು ತೋರಿಸುತ್ತಾನೆ. ಸೀಟಿನ ಕಂಬಕ್ಕೆ ಒಂದು ಹಿಡಿಕೆಯಿಂದ ಬಿಗಿಯುವ, ಹಿಂದಕ್ಕೆ ಚಾಚಿಕೊಂಡಿರುವ, ನೆಲದ ಕಡೆಗೆ ಯಾವ ಕಾಲೂ ಇಲ್ಲದ ಅಲ್ಯೂಮಿನಿಯಂ ಹಲಗೆ ಅದು. ನೋಡಲು ಚೆಂದ, ಐದು ನಿಮಿಷದಲ್ಲಿ ಕೂರುತ್ತದೆ. ಇದನ್ನು ಕೊಳ್ಳಬೇಡಿ.

ಕಾರಣ ಸರಳವಾದ ಯಂತ್ರಶಾಸ್ತ್ರ. ನೀರು ತುಂಬಿದ ಕೊಡಪಾನವನ್ನು ಸೊಂಟದ ಮೇಲೆ ಇಟ್ಟುಕೊಂಡು ಒಂದು ಮೈಲಿ ನಡೆಯುವ ಹೆಂಗಸು, ಅದೇ ಕೊಡಪಾನವನ್ನು ಕೈ ಚಾಚಿ ಹಿಡಿದು ಹತ್ತು ಹೆಜ್ಜೆಯೂ ಇಡಲಾರಳು. ತೂಕ ಅದೇ, ಆಧಾರ ಬೇರೆ. ಕಂಬಕ್ಕೆ ಕಚ್ಚಿಕೊಂಡ ಕ್ಯಾರಿಯರಿನ ಮೇಲೆ 10 ಕೆ.ಜಿ. ಇಟ್ಟು, ಆ ಭಾರದ ಮಧ್ಯಬಿಂದು ಹಿಡಿಕೆಯಿಂದ 30 ಸೆಂ.ಮೀ. ದೂರದಲ್ಲಿದ್ದರೆ, ಆ ಒಂದೇ ಹಿಡಿಕೆಯ ಮೇಲೆ ಸುಮಾರು 29 ನ್ಯೂಟನ್-ಮೀಟರಿನಷ್ಟು ತಿರುಚುವ ಬಲ ಸದಾ ಬೀಳುತ್ತಿರುತ್ತದೆ. ಗುಂಡಿಗೆ ಬಿದ್ದಾಗ ಅದು ಎರಡು ಮೂರು ಪಟ್ಟಾಗುತ್ತದೆ. ನಮ್ಮ ರಸ್ತೆಗಳಲ್ಲಿ ಗುಂಡಿಗೆ ಬೀಳದಿರುವ ಕ್ಷಣ ಯಾವುದೆಂದು ಹುಡುಕಬೇಕು. ಮೊದಲು ಕ್ಯಾರಿಯರ್ ಕಂಬದ ಸುತ್ತ ತಿರುಗತೊಡಗುತ್ತದೆ, ಬಳಿಕ ಬಾಲ ತಗ್ಗಿಸಿ ಟೈರಿಗೆ ತಾಗುತ್ತದೆ, ಕೊನೆಗೆ ಹಿಡಿಕೆಯ ಬುಡದಲ್ಲೇ ಮುರಿಯುತ್ತದೆ. ತಯಾರಕರೇ ಇವುಗಳಿಗೆ ಸಾಮಾನ್ಯವಾಗಿ 10 ಕೆ.ಜಿ. ಆಸುಪಾಸಿನ ಮಿತಿಯನ್ನು ಸಣ್ಣ ಅಕ್ಷರಗಳಲ್ಲಿ ನಮೂದಿಸುತ್ತಾರೆ. ಹತ್ತು ಲೀಟರಿನ ಹಾಲಿನ ಕ್ಯಾನಿಗೇ ಆ ಮಿತಿ ದಾಟಿತು.

ಸರಿಯಾದ ಕ್ಯಾರಿಯರಿಗೆ ಕಾಲುಗಳಿರುತ್ತವೆ. ಜಗುಲಿಯ ಮಾಡಿಗೆ ಕಂಬವಿದ್ದಂತೆ, ಎರಡೂ ಪಕ್ಕದಲ್ಲಿ ಇಳಿದ ಕಾಲುಗಳು ಹಿಂದಿನ ಗಾಲಿಯ ಅಚ್ಚಿನ ಹತ್ತಿರ ಫ್ರೇಮಿಗೆ ಸೇರಿ ಭಾರವನ್ನು ನೇರವಾಗಿ ನೆಲಕ್ಕೆ ಮುಟ್ಟಿಸುತ್ತವೆ. ಮೇಲಿನ ಮುಂತುದಿ ಸೀಟಿನ ಕೆಳಗೆ ಫ್ರೇಮಿಗೆ ಬಿಗಿಯಾಗಿರುತ್ತದೆ. ಅದರ ಕೆಲಸ ಹೊರುವುದಕ್ಕಿಂತ ಹೆಚ್ಚಾಗಿ ಹಿಂದೆ ಮುಂದೆ ವಾಲದಂತೆ ತಡೆಯುವುದು. ಪ್ರತಿ ಪಕ್ಕದಲ್ಲಿ ಒಂದೇ ಕಾಲಿರುವುದಕ್ಕಿಂತ ತ್ರಿಕೋನವಾಗುವಂತೆ ಎರಡು ಕಾಲುಗಳಿರುವುದು ಉತ್ತಮ. ಅಂಗಡಿಯಲ್ಲೇ ಪರೀಕ್ಷಿಸಲು ಒಂದು ಉಪಾಯವಿದೆ: ಕ್ಯಾರಿಯರನ್ನು ಸೈಕಲ್ಲಿಗೆ ಕೂರಿಸಿದ ಮೇಲೆ ಅದರ ಬಾಲವನ್ನು ಹಿಡಿದು ಎಡಬಲಕ್ಕೆ ಬಲವಾಗಿ ತಳ್ಳಿ. ನಾಯಿಬಾಲದಂತೆ ಅಲ್ಲಾಡಿದರೆ, ಹೊರೆ ಹೇರಿ ಇಳಿಜಾರಿನಲ್ಲಿ ಬರುವಾಗ ಅದು ಇಡೀ ಸೈಕಲ್ಲನ್ನೇ ಅಲ್ಲಾಡಿಸುತ್ತದೆ.

ಆದ್ದರಿಂದ ಸೈಕಲ್ ನೋಡುವಾಗ ಬಗ್ಗಿ ಹಿಂದಿನ ಅಚ್ಚಿನ ಬಳಿ ನೋಡಬೇಕು. ಅಲ್ಲಿ ಎರಡೂ ಪಕ್ಕ 5 ಮಿ.ಮೀ. ಬೋಲ್ಟು ಕೂರುವ ತೂತುಗಳಿವೆಯೇ? ಸೀಟಿನ ಕೆಳಗೆ ಫ್ರೇಮಿನ ಮೇಲ್ಭಾಗದಲ್ಲಿ ಇನ್ನೊಂದು ಜೊತೆ ಇದೆಯೇ? ಡಿಸ್ಕ್ ಬ್ರೇಕಿನ ಹಿಡಿ ಎಡಗಡೆಯ ಕಾಲಿಗೆ ಅಡ್ಡ ಬರುತ್ತದೆಯೇ? ಗಾಲಿಯನ್ನು ಸನ್ನೆಯೊಂದನ್ನು ಮಡಚಿ ಬಿಚ್ಚುವ ಮಾದರಿಯಾದರೆ ಹಳೆಯ ಸೈಕಲ್ಲಿನಂತೆ ಅಚ್ಚಿನ ನಟ್ಟಿಗೇ ಕ್ಯಾರಿಯರ್ ಕಾಲನ್ನು ಬಿಗಿಯಲಾಗದು ಎಂಬುದೂ ನೆನಪಿರಲಿ. ಹಿಂದೆಯೂ ಸ್ಪ್ರಿಂಗ್ ಇರುವ ಸೈಕಲ್ಲನ್ನಂತೂ ನೋಡುವುದೇ ಬೇಡ. ಗಾಲಿ ಒಂದು ಕಡೆ, ಸೀಟು ಇನ್ನೊಂದು ಕಡೆ ಕುಣಿಯುವಲ್ಲಿ ಕ್ಯಾರಿಯರ್ ಯಾವುದನ್ನು ಹಿಡಿದುಕೊಳ್ಳಬೇಕು? ಅಗ್ಗದ ಸ್ಪ್ರಿಂಗು ಏರಿನಲ್ಲಿ ನಿಮ್ಮ ತುಳಿತದ ಶಕ್ತಿಯಲ್ಲೂ ಪಾಲು ಕೇಳುತ್ತದೆ.

ನಾನ್ನೂರು ಗ್ರಾಮಿನ ಲೆಕ್ಕ

ಉಕ್ಕಿನದೋ ಅಲ್ಯೂಮಿನಿಯಮ್ಮಿನದೋ ಎಂಬ ಪ್ರಶ್ನೆಗೆ ಪೇಟೆಯವರ ಉತ್ತರ ಸಿದ್ಧವಾಗಿದೆ: ಅಲ್ಯೂಮಿನಿಯಂ ಹಗುರ. ಎಷ್ಟು ಹಗುರ? ಒಂದೇ ಅಳತೆಯ ಕ್ಯಾರಿಯರುಗಳಲ್ಲಿ ಸುಮಾರು 400 ಗ್ರಾಂ ವ್ಯತ್ಯಾಸವಿರಬಹುದು. ವಿದ್ಯಾರ್ಥಿ ಮಿತ್ರರು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. 400 ಗ್ರಾಂ ತೂಕವನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಕೆಲಸ 392 ಜೂಲ್. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಕಾಲುಭಾಗವನ್ನು ಮಾತ್ರ ಕೆಲಸವಾಗಿಸುತ್ತವೆ ಎಂದುಕೊಂಡರೂ ಖರ್ಚಾಗುವುದು ಕಿಲೋಕ್ಯಾಲೊರಿಯೊಂದರ ಅರ್ಧಕ್ಕಿಂತಲೂ ಕಡಿಮೆ. ಅರ್ಧ ಗ್ರಾಂ ತೂಗುವ ಒಂದು ಶೇಂಗಾ ಬೀಜದಲ್ಲಿ ಸುಮಾರು 2.8 ಕಿಲೋಕ್ಯಾಲೊರಿ ಇರುತ್ತದೆ. ಎಂದರೆ, ನೂರು ಮೀಟರ್ ಏರಿನಲ್ಲಿ ಅಲ್ಯೂಮಿನಿಯಂ ಕ್ಯಾರಿಯರ್ ನಿಮಗೆ ಉಳಿಸಿಕೊಡುವುದು ಶೇಂಗಾ ಬೀಜದ ಏಳನೆಯ ಒಂದು ಪಾಲು!

ಇದಕ್ಕೆ ಪ್ರತಿಯಾಗಿ ಕಳೆದುಕೊಳ್ಳುವುದೇನು? ಒಂದು ಮಿತಿಯೊಳಗಿನ ಅಲುಗಾಟವನ್ನು ಉಕ್ಕು ಎಷ್ಟು ಲಕ್ಷ ಸಲವಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂತಹ ಮಿತಿಯಿಲ್ಲ. ಸಣ್ಣ ಸಣ್ಣ ಕುಲುಕಾಟಗಳೂ ಅದರಲ್ಲಿ ಜಮೆಯಾಗುತ್ತ ಹೋಗಿ, ಒಂದು ದಿನ ಯಾವ ಸೂಚನೆಯನ್ನೂ ಕೊಡದೆ ಬಿರುಕು ಬಿಡುತ್ತದೆ. ದಪ್ಪನೆಯ ಕೊಳವೆ ಬಳಸಿ ಒಳ್ಳೆಯ ಅಲ್ಯೂಮಿನಿಯಂ ಕ್ಯಾರಿಯರನ್ನು ಮಾಡಬಹುದು, ಮಾಡುವವರೂ ಇದ್ದಾರೆ. ಆದರೆ ನಮ್ಮ ಪೇಟೆಯ ಅಂಗಡಿಗೆ ಬರುವುದು ಅದಲ್ಲ. ಇದಕ್ಕಿಂತ ಮುಖ್ಯವಾದ ಮಾತು, ಮುರಿದಾಗ ಏನು ಮಾಡುವುದು ಎಂಬುದು. ಉಕ್ಕಿನ ಕ್ಯಾರಿಯರನ್ನು ಗೇಟು, ನೇಗಿಲು, ಟ್ರೈಲರುಗಳನ್ನು ಬೆಸೆಯುವ ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಹತ್ತು ನಿಮಿಷದಲ್ಲಿ ಸರಿಮಾಡಿಸಬಹುದು. ಅಲ್ಯೂಮಿನಿಯಂ ಬೆಸೆಯಲು ಆರ್ಗಾನ್ ಅನಿಲ ಬೇಕು, ಅದಕ್ಕಾಗಿಯೇ ಪಳಗಿದ ಕೈ ಬೇಕು. ಅವೆರಡೂ ಜಿಲ್ಲಾ ಕೇಂದ್ರದಲ್ಲಿ ಹುಡುಕಿದರೆ ಸಿಕ್ಕಬಹುದು. ಯಾವ ವಸ್ತುವನ್ನು ನಮ್ಮ ಊರಿನಲ್ಲಿ ದುರಸ್ತಿ ಮಾಡಲಾಗದೋ ಅದು ನಾವು ಹಣ ಕೊಟ್ಟ ಮೇಲೂ ಪೂರ್ತಿಯಾಗಿ ನಮ್ಮದಾಗಿರುವುದಿಲ್ಲ. ಸ್ವಾವಲಂಬನೆಯ ಕುರಿತು ವಿಚಾರಸಂಕಿರಣಗಳನ್ನು ನಡೆಸುವವರು ಈ ಒಂದು ಬೆಸುಗೆಯ ಬಗ್ಗೆಯೂ ಯೋಚಿಸಲಿ.

ಉಕ್ಕು ತುಕ್ಕು ಹಿಡಿಯುತ್ತದೆ ಎಂಬ ಆಕ್ಷೇಪ ನಿಜವಾದದ್ದೇ. ಜೂನಿನಿಂದ ಅಕ್ಟೋಬರಿನವರೆಗೆ ಕೊಡಲಿಯ ಬಾಯಿಗೂ ಕಂದುಬಣ್ಣ ಬರುವ ಸೀಮೆ ನಮ್ಮದು. ಇಲ್ಲಿಗೆ ತೆಳುಕೊಳವೆಯ ಕ್ಯಾರಿಯರಿಗಿಂತ 8ರಿಂದ 10 ಮಿ.ಮೀ. ಗಟ್ಟಿ ಸರಳಿನದು ಲೇಸು. ಕೊಳವೆಯ ತುದಿ ತೆರೆದಿದ್ದರೆ ನೀರು ಒಳಗೆ ನಿಂತು, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತಿಂದುಹಾಕುತ್ತದೆ. ಮಿರುಗುವ ಕ್ರೋಮಿಯಂ ಲೇಪ ಒಮ್ಮೆ ಪೊರೆ ಎದ್ದರೆ ಅದರ ಅಡಿಯಲ್ಲಿ ತುಕ್ಕು ಹರಡುವುದು ಕಾಣುವುದೇ ಇಲ್ಲ. ಬಣ್ಣ ಬಳಿದ ಕ್ಯಾರಿಯರಾದರೆ ಸುಲಭ: ಮಳೆಗಾಲಕ್ಕೆ ಮುನ್ನ ಉಪ್ಪುಕಾಗದದಿಂದ ತಿಕ್ಕಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೊಂದು ಕೈ ಬಣ್ಣ. ಕಿಟಕಿಯ ಸರಳಿಗೆ ಮಾಡುವುದನ್ನೇ ಇದಕ್ಕೂ ಮಾಡಿದರಾಯಿತು. ಬೋಲ್ಟುಗಳಿಗೆ ಗ್ರೀಸ್ ಹಚ್ಚದೆ ಹಾಕಬಾರದು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಉಕ್ಕಿನ ಬೋಲ್ಟು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಚ್ಚಿಕೊಂಡುಬಿಡುತ್ತದೆ. ವಾರಕ್ಕೊಮ್ಮೆ ಬಿಗಿ ನೋಡಬೇಕು. ಕೆಳಗಿನ ಬೋಲ್ಟುಗಳು ಅತಿಭಾರದಿಂದ ಮುರಿಯುವುದಕ್ಕಿಂತ ಸಡಿಲವಾಗಿ, ಕುಲುಕಿ ಮುರಿಯುವುದೇ ಹೆಚ್ಚು.

ಹೀಗೆಂದ ಮಾತ್ರಕ್ಕೆ ಹಳೆಯ ಕಪ್ಪು ಸೈಕಲ್ಲೇ ಸರ್ವಶ್ರೇಷ್ಠ ಎಂದು ನಾನು ಹೇಳಹೊರಟಿಲ್ಲ. ಅದರ ಸರಳುಬ್ರೇಕು ನೆನೆದ ಉಕ್ಕಿನ ರಿಮ್ಮನ್ನು ಹಿಡಿಯುವುದಿಲ್ಲ. ಮಳೆಯಲ್ಲಿ ಇಪ್ಪತ್ತು ಕೆ.ಜಿ. ಹೇರಿಕೊಂಡು ಇಳಿಜಾರಿನಲ್ಲಿ ಬರುವವನಿಗೆ ಅದು ಅಪಾಯಕಾರಿ. ಒಳ್ಳೆಯ ಬ್ರೇಕು ಹೊಸ ಸೈಕಲ್ಲಿನ ಕೊಡುಗೆ. ಗೇರುಗಳ ಬಗ್ಗೆಯೂ ನನಗೆ ತಕರಾರಿಲ್ಲ, ಏರಿನಲ್ಲಿ ಮೊಣಕಾಲಿಗೆ ಅವು ಉಪಕಾರಿ. ಈ ಎರಡನ್ನೂ ಕೊಟ್ಟವರು ಹಳೆಯ ಕ್ಯಾರಿಯರನ್ನು ಏಕೆ ಕಿತ್ತುಕೊಂಡರು ಎಂಬುದೇ ನನ್ನ ಪ್ರಶ್ನೆ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. ಆ ಸುದ್ದಿ ಓದಿ ಮರುಗಿದವರಲ್ಲಿ ಎಷ್ಟು ಮಂದಿ, ಅಟ್ಲಾಸಿನಂತಹ ಸೈಕಲ್ಲು ಏನನ್ನು ಹೊರುತ್ತಿತ್ತು ಎಂದು ಕೇಳಿಕೊಂಡರೋ ತಿಳಿಯದು.

ಹೇರೆತ್ತಿನ ಪಾಠ

ಘಟ್ಟದ ಮೇಲಿನವರಿಗೆ ಹೊರೆಯನ್ನು ಹೇಗೆ ಹೇರಬೇಕೆಂಬುದನ್ನು ಯಾರೂ ವಿದೇಶದಿಂದ ಬಂದು ಕಲಿಸಬೇಕಾಗಿಲ್ಲ. ಗಾಡಿರಸ್ತೆಗಳಾಗುವ ಮೊದಲು ಕರಾವಳಿಯ ಉಪ್ಪು ಮೇಲೆ ಬಂದದ್ದು, ಮಲೆನಾಡಿನ ಅಕ್ಕಿ, ಅಡಿಕೆ, ಮೆಣಸು ಕೆಳಗಿಳಿದದ್ದು ಹೇರೆತ್ತುಗಳ ಬೆನ್ನ ಮೇಲೆ. ಎತ್ತಿನ ಬೆನ್ನಿನ ಮೇಲೆ ಮೂಟೆಯನ್ನು ಎತ್ತರಕ್ಕೆ ಪೇರಿಸುತ್ತಿರಲಿಲ್ಲ. ಎರಡೂ ಪಕ್ಕಕ್ಕೆ ಸಮಭಾರವಾಗಿ ಇಳಿಬಿಡುತ್ತಿದ್ದರು. ಪಯಣಿಗರು ಹೆಗಲಿಗೋ ಕುದುರೆಯ ಬೆನ್ನಿಗೋ ಹಾಕುತ್ತಿದ್ದ ಹಸುಬೆಚೀಲದ ತತ್ತ್ವವೂ ಅದೇ. ಭಾರ ತಗ್ಗಿನಲ್ಲಿದ್ದಷ್ಟೂ, ಎರಡು ಕಡೆಗೆ ಸಮನಾಗಿದ್ದಷ್ಟೂ ತೋಲ ಸ್ಥಿರ. ಇಂದು ನಗರದ ಸೈಕಲ್ ಅಂಗಡಿಗಳಲ್ಲಿ 'ಪ್ಯಾನಿಯರ್' ಎಂಬ ಹೆಸರಿನಲ್ಲಿ ಸಾವಿರಾರು ರೂಪಾಯಿಗೆ ಮಾರುತ್ತಿರುವುದು ನಮ್ಮ ಹಸುಬೆಯನ್ನೇ.

ಅದನ್ನು ಊರಿನಲ್ಲೇ ಹೊಲಿಸಿಕೊಳ್ಳಬಹುದು. ಅಡಿಕೆ ಒಣಗಿಸಿದ ಹಳೆಯ ಟಾರ್ಪಾಲು, ಹೊಲಿಗೆಯಂತ್ರ, ಒಳಗೆ ತಟ್ಟೆಯಂತೆ ನಿಲ್ಲಲು ಒಂದು ತುಂಡು ಪ್ಲೈವುಡ್, ಬಾಯಿಗೆ ಮಡಚುವಷ್ಟು ಉದ್ದನೆಯ ಅಂಚು: ಇಷ್ಟಿದ್ದರೆ ಆಗುಂಬೆಯ ಮಳೆಗೂ ಪುಸ್ತಕ ನೆನೆಯದು. ಆದರೆ ಜೋಡಿಚೀಲ ಬೇಕೆನ್ನುವವರು ಕ್ಯಾರಿಯರ್ ಆರಿಸುವಾಗ ಇನ್ನೆರಡು ಸಂಗತಿಗಳನ್ನು ನೋಡಲೇಬೇಕು. ಒಂದು, ಪಕ್ಕದ ಕಾಲುಗಳು ಚೀಲವನ್ನು ಗಾಲಿಯಿಂದ ದೂರವಿಡುವಷ್ಟು ಅಗಲವಾದ ಚೌಕಟ್ಟಾಗಿರಬೇಕು. ಒಂಟಿ ಕಾಲಿನ ಕ್ಯಾರಿಯರಾದರೆ ಚೀಲ ಒಳಕ್ಕೆ ತೂಗಿ ಗಾಲಿಯ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಇಳಿಜಾರಿನಲ್ಲಿ ಹಿಂದಿನ ಗಾಲಿ ಹಠಾತ್ತನೆ ನಿಂತರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಜೋತುಬಿದ್ದ ಹಗ್ಗವೂ, ಟ್ಯೂಬಿನ ಪಟ್ಟಿಯೂ ಅದೇ ಅನಾಹುತವನ್ನು ಮಾಡಬಲ್ಲವು. ಇನ್ನೊಂದು, ಹಿಮ್ಮಡಿ. ಹಿಂಭಾಗ ಗಿಡ್ಡವಾಗಿರುವ ಹೊಸ ಸೈಕಲ್ಲುಗಳಲ್ಲಿ ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ಬಡಿಯುತ್ತದೆ. ಕೊಳ್ಳುವ ಮೊದಲೇ ಚೀಲ ತೂಗುಹಾಕಿ, ನಿತ್ಯ ಹಾಕುವ ಚಪ್ಪಲಿಯಲ್ಲೇ ಪೆಡಲನ್ನು ಹಿಂದಕ್ಕೆ ಒಂದು ಸುತ್ತು ತಿರುಗಿಸಿ ನೋಡಬೇಕು. ಬಡಿದರೆ ತುಸು ಉದ್ದನೆಯ ಕ್ಯಾರಿಯರ್ ಬೇಕು, ಅಥವಾ ಚೀಲದ ಮುಂಭಾಗದ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿ ಹೊಲಿಸಬೇಕು.

ಭಾರದ ಮಿತಿಯ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಸಿಗುವ ಕಾಲುಳ್ಳ ಕ್ಯಾರಿಯರುಗಳ ಮೇಲೆ ಬಹುಮಟ್ಟಿಗೆ 25 ಕೆ.ಜಿ. ಎಂದು ಅಚ್ಚಾಗಿರುತ್ತದೆ. ವಿದ್ಯಾರ್ಥಿಗೆ, ನೌಕರನಿಗೆ ಅಷ್ಟು ಧಾರಾಳವಾಯಿತು. ಆದರೆ ನಮ್ಮಲ್ಲಿ ಕ್ಯಾರಿಯರ್ ಎಂದರೆ ಸೀಟೂ ಹೌದು. ತಂಗಿಯನ್ನು ಕೂರಿಸಿಕೊಂಡು ಶಾಲೆಗೆ ಹೋಗದ ಅಣ್ಣ ಯಾವ ಊರಿನಲ್ಲಿದ್ದಾನೆ? 25 ಕೆ.ಜಿ. ಎಂದರೆ ಸುಮಾರಾಗಿ ಎಂಟು ವರ್ಷದ ಮಗುವಿನ ತೂಕ. ತುಂಬಿದ ಅಡುಗೆ ಅನಿಲದ ಸಿಲಿಂಡರ್ ಹತ್ತಿರ ಹತ್ತಿರ 30 ಕೆ.ಜಿ. ಯೂರಿಯಾ ಚೀಲ 2018ರಿಂದ 50ಕ್ಕೆ ಬದಲಾಗಿ 45 ಕೆ.ಜಿ. ಆಗಿದ್ದರೂ ಈ ಮಿತಿಯ ಹತ್ತಿರವೂ ಸುಳಿಯದು. ಇಂತಹ ಹೊರೆಗೆ ಗಟ್ಟಿ ಸರಳಿನ, ನಾಲ್ಕು ಕಾಲಿನ, ಹಳೆಯ ಮಾದರಿಯ ಕ್ಯಾರಿಯರೇ ಬೇಕು. ಮಗುವನ್ನು ಕೂರಿಸುವುದಾದರೆ ಕಾಲು ಕಡ್ಡಿಗಳೊಳಗೆ ಹೋಗದಂತೆ ಜಾಲರಿಯೂ ಬೇಕು. ಇದು ಅಸಾಧ್ಯದ ಬೇಡಿಕೆಯಲ್ಲ. 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಸೈಕಲ್ ಹಂಚುವುದರೊಂದಿಗೆ 2005ರಲ್ಲಿ ಹುಟ್ಟಿಕೊಂಡ ವರ್ಲ್ಡ್ ಬೈಸಿಕಲ್ ರಿಲೀಫ್ ಎಂಬ ಸಂಸ್ಥೆ, ಆಫ್ರಿಕಾದ ಹಳ್ಳಿಗಳಿಗಾಗಿ ರೂಪಿಸಿದ 'ಬಫೆಲೊ' ಸೈಕಲ್ಲಿನ ಕ್ಯಾರಿಯರ್ 100 ಕೆ.ಜಿ. ಹೊರುತ್ತದೆ. ಜಾಂಬಿಯಾದ ಹಾಲು ಉತ್ಪಾದಕನಿಗೆ ಸಿಗುವ ವಸ್ತು ಸಿದ್ದಾಪುರದವನಿಗೆ ಏಕೆ ಸಿಗಬಾರದು? ಜಾರ್ಖಂಡಿನಲ್ಲಂತೂ ಬಡವರು ಸೈಕಲ್ಲಿಗೆ ಬಿದಿರು, ಕಬ್ಬಿಣ ಕಟ್ಟಿ ಇನ್ನೂರು ಕೆ.ಜಿ. ಕಲ್ಲಿದ್ದಲು ತಳ್ಳುತ್ತಾರೆ. ಅದನ್ನು ಆದರ್ಶವೆಂದು ಹೇಳುತ್ತಿಲ್ಲ, ಅದು ಕ್ರೂರವಾದ ದುಡಿಮೆ. ಯಂತ್ರದ ಶಕ್ತಿ ಎಷ್ಟೆಂಬುದಕ್ಕೆ ಸಾಕ್ಷಿಯಾಗಿ ಮಾತ್ರ ಹೇಳಿದೆ.

ಈ ನಡುವೆ ನಮ್ಮ ಘಟ್ಟಗಳಲ್ಲಿ ರಜಾದಿನಗಳಂದು ಇನ್ನೊಂದು ಬಗೆಯ ಸೈಕಲ್ಲುಗಳು ಕಾಣಿಸಿಕೊಳ್ಳುತ್ತವೆ. ಅವು ಬರುವುದು ಕಾರಿನ ಬೆನ್ನಿಗೆ ಕಟ್ಟಿಸಿಕೊಂಡು. ಏನನ್ನೂ ಹೊರದ ಸೈಕಲ್ಲನ್ನು ಹೊರಲು ಕಾರಿಗೇ ಒಂದು ಕ್ಯಾರಿಯರ್ ಬೇಕಾಯಿತು! ಅವರ ವ್ಯಾಯಾಮಕ್ಕೆ ನನ್ನ ವಿರೋಧವಿಲ್ಲ. ಆದರೆ ಅವರ ಕ್ರೀಡಾಸಾಮಗ್ರಿಯೇ ನಮ್ಮ ಮಕ್ಕಳ ವಾಹನದ ಮಾದರಿಯಾಗಿರುವುದು ದುರಂತ. ಕಾಡು, ನದಿ, ಹವಾಮಾನಗಳ ಬಗ್ಗೆ ಮಾತಾಡುವ ನಮ್ಮ ಮಿತ್ರರಲ್ಲೂ ಕೆಲವರಿಗೆ ಕ್ಯಾರಿಯರ್ ಎಂದರೆ ಮುಜುಗರ. ಸೈಕಲ್ ಜಾಥಾದಲ್ಲಿ ಎದೆಗೆ ಬ್ಯಾಡ್ಜ್ ಧರಿಸಿ ಐದು ಕಿ.ಮೀ. ತುಳಿದವರೇ ಮರುದಿನ ಹಾಲಿಗೆ ಬೈಕಿನಲ್ಲಿ ಹೋಗುತ್ತಾರೆ.

ಆ ಬೈಕಿನ ಲೆಕ್ಕವನ್ನೂ ಹಾಕೋಣ. ಮನೆಯಿಂದ ಕಾಲೇಜಿಗೋ ಡೇರಿಗೋ ನಾಲ್ಕು ಕಿ.ಮೀ. ಹೋಗಿಬಂದರೆ ಎಂಟು. ವರ್ಷಕ್ಕೆ 220 ದಿನ ಎಂದರೆ 1,760 ಕಿ.ಮೀ. ಲೀಟರಿಗೆ 50 ಕಿ.ಮೀ. ಓಡುವ ಬೈಕಿಗೆ 35 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ಮೂರೂವರೆ ಸಾವಿರ ರೂಪಾಯಿ. ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್ ಸುಮಾರು 80 ಕೆ.ಜಿ. ಒಂದು ಒಳ್ಳೆಯ ಉಕ್ಕಿನ ಕ್ಯಾರಿಯರಿಗೆ ಬೀಳುವುದು ಕೆಲವು ನೂರು ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ಎಂಟು ಸಾವಿರ ಬೆಲೆಯ ಸೈಕಲ್ಲಿಗೆ ಅದರಿಂದ ಉಳಿಯುವುದು 560 ರೂಪಾಯಿ. ಅಂಗಡಿಯವನು ಅದನ್ನು ನಿಮಗೆ ದಾಟಿಸಿದರೆ, ಖರ್ಚು ಮಾಡಬೇಕಾದ ಜಾಗ ಯಾವುದೆಂದು ಈಗಾಗಲೇ ಹೇಳಿದ್ದೇನೆ.

ಈಗಾಗಲೇ ಕ್ಯಾರಿಯರ್ 'ಬಾರದ' ಸೈಕಲ್ ಕೊಂಡವರೂ ನಿರಾಶರಾಗಬೇಕಿಲ್ಲ. ಫ್ರೇಮಿನ ಕೊಳವೆಯನ್ನು ಸುತ್ತಿ ಹಿಡಿಯುವ ಪಟ್ಟಿ ಕ್ಲಾಂಪುಗಳನ್ನು, ಕೆಳಗೆ ಹಳೆಯ ಟ್ಯೂಬಿನ ತುಂಡು ಸುತ್ತಿ, ಬಿಗಿದರೆ ಕಾಲುಳ್ಳ ಕ್ಯಾರಿಯರನ್ನು ಕೂರಿಸಬಹುದು. ತೂತಿನಷ್ಟು ಭದ್ರವಲ್ಲ, ಹತ್ತು ಕೆ.ಜಿ.ಗೆ ಅಡ್ಡಿಯಿಲ್ಲ. ಡಿಸ್ಕ್ ಬ್ರೇಕ್ ಅಡ್ಡ ಬರುವಲ್ಲಿ ನಡುವೆ ಒಂದು ಕೊಳವೆ ತುಂಡನ್ನಿಟ್ಟು ಉದ್ದನೆಯ ಬೋಲ್ಟು ಹಾಕುವುದನ್ನು ಯಾವ ಮೆಕ್ಯಾನಿಕ್ಕನಾದರೂ ಮಾಡಿಕೊಟ್ಟಾನು. ಅಲ್ಯೂಮಿನಿಯಂ ಫ್ರೇಮಿಗೆ ಮಾತ್ರ ಯಾರೂ ಹೊಸ ತೂತು ಕೊರೆಯಬಾರದು, ಬೆಸೆಯಲೂಬಾರದು.

ಕೊನೆಯದಾಗಿ ಸರ್ಕಾರದ ವಿಷಯ. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಗಿ ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಆ ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರುಗಳಿದ್ದವು, ನಿಜ. ಆದರೆ ಅವುಗಳಿಗೆ ಕ್ಯಾರಿಯರ್ ಇತ್ತು, ಮಕ್ಕಳ ಪುಸ್ತಕದ ಚೀಲ ಅದರ ಮೇಲೆ ಕೂರುತ್ತಿತ್ತು. ಯೋಜನೆಯನ್ನು ಮತ್ತೆ ಆರಂಭಿಸಬೇಕೆಂಬ ಒತ್ತಾಯ ಆಗಾಗ ಕೇಳಿಬರುತ್ತಿದೆ. ಅದು ಮರಳಿ ಬಂದರೆ, 'ಆಧುನಿಕ' ಎಂಬ ಹೆಸರಿನಲ್ಲಿ ಬರಿಬೆನ್ನಿನ ಸೈಕಲ್ಲುಗಳು ಬರದಂತೆ ಈಗಲೇ ಎಚ್ಚರ ವಹಿಸಬೇಕು. ಟೆಂಡರಿನ ಷರತ್ತುಗಳಲ್ಲಿ ಉಕ್ಕಿನ ಕ್ಯಾರಿಯರ್, ಎರಡೂ ಪಕ್ಕದ ಕಾಲುಗಳು ಫ್ರೇಮಿಗೆ ಬೋಲ್ಟಿನಿಂದ ಸೇರಿರಬೇಕು, ಕನಿಷ್ಠ 25 ಕೆ.ಜಿ. ಹೊರಬೇಕು ಎಂದು ಸ್ಪಷ್ಟವಾಗಿ ಬರೆದಿರಬೇಕು. ಶಾಲಾಭಿವೃದ್ಧಿ ಸಮಿತಿಗಳು ಇಷ್ಟನ್ನೇ ಒಂದು ಠರಾವಾಗಿ ಅಂಗೀಕರಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಬಹುದು. ಮುಂದಿನ ಗ್ರಾಮಸಭೆಯಲ್ಲಿ ಮಂಡಿಸುವವರು ಮುರಿದ ಒಂದು ಸೀಟುಕಂಬದ ಕ್ಯಾರಿಯರನ್ನೂ ಜೊತೆಗೆ ಒಯ್ಯಲಿ. ಹುಡುಕಿದರೆ ಪ್ರತಿ ಊರಿನ ಕೊಟ್ಟಿಗೆಯಲ್ಲೂ ಒಂದು ಸಿಕ್ಕೀತು.